ಒಂದೇ ಸಲ ಕೇಳುವ ಊರಿನಲ್ಲಿ

ಕೆಲಸ ಕೊಡುತ್ತೇವೆ ಎಂದವರಿಗೆ 'ಅಯ್ಯೋ, ಬೇಡ ಬೇಡ' ಎಂದವರನ್ನು ನೀವು ನೋಡಿದ್ದೀರಾ? ಅದೂ ಈ ರಿಸೆಶನ್ ಕಾಲದಲ್ಲಿ? ಅದೂ ಗಂಡನಿಗೆ ಕೆಲಸ ಹೋಗಿರುವಾಗ?

ನಾನು ನೋಡಿದ್ದೇನೆ. ನಮ್ಮ ಅಡುಗೆಮನೆಯಲ್ಲೇ ಕುಳಿತು ಅಕ್ಕಿರೊಟ್ಟಿ ತಿನ್ನುತ್ತಿದ್ದಳು. ಮುಖದಲ್ಲಿ ಗೆದ್ದು ಬಂದ ಕಳೆ ಬೇರೆ.

ಅವಳು ಶೈಲಜಾ. ಧಾರವಾಡದವಳು. ನಾವು ಅಮೆರಿಕಕ್ಕೆ ಬಂದ ಹೊಸತರಲ್ಲಿ ಡೆಟ್ರಾಯಿಟ್ ಹತ್ತಿರ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು, ಎದುರುಬದುರು ಬಾಗಿಲು. ನನ್ನ ಮೈಸೂರು ಸಾರು ಅವಳ ಮನೆಗೆ, ಅವಳ ಜೋಳದ ರೊಟ್ಟಿ ನನ್ನ ಮನೆಗೆ ಓಡಾಡಿಕೊಂಡಿದ್ದವು. ಆಮೇಲೆ ನಮ್ಮವರಿಗೆ ಶಿಕಾಗೋ ಕಡೆ ಕೆಲಸ ಸಿಕ್ಕಿ ನಾವು ಡೌನರ್ಸ್ ಗ್ರೋವ್‌ಗೆ ಬಂದೆವು. ಅವರು ಅಲ್ಲೇ ನೋವಾಯ್‌ನಲ್ಲಿ ಮನೆ ಕೊಂಡರು. ಅವಳ ಗಂಡ ಬಸವರಾಜ್ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರ್ ಆಗಿದ್ದರು. (ಡೆಟ್ರಾಯಿಟ್ ಕಡೆ ಈಗ ಯಾರ ವಿಷಯ ಮಾತಾಡಿದರೂ ಕೊನೆಗೆ 'ಆಗಿದ್ದರು' ಎಂದೇ ಮುಗಿಸಬೇಕು.)

ಇಲ್ಲಿ ಕೆಲಸ ಹೋದರೆ ಸಂಬಳ ಮಾತ್ರ ಹೋಗುವುದಿಲ್ಲ, ಕಂಪನಿ ಕೊಡುವ ಹೆಲ್ತ್ ಇನ್ಶೂರೆನ್ಸೂ ಹೋಗುತ್ತದೆ. ಬಸವರಾಜ್‌ಗೆ ಹೋದ ವರ್ಷವಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಡಾಕ್ಟರು, ಔಷಧಿ, ಟೆಸ್ಟು ಯಾವುದನ್ನೂ ಬಿಡುವಂತಿಲ್ಲ. ಹಳೆಯ ಇನ್ಶೂರೆನ್ಸು ಇನ್ನೂ ಕೆಲವು ತಿಂಗಳು ಎಳೆಯಬಹುದು. ಅದು ಮುಗಿಯುವುದರೊಳಗೆ ಮನೆಯಲ್ಲಿ ಒಬ್ಬರಿಗಾದರೂ ಕೆಲಸ ಸಿಗಬೇಕು. ಕಾರಿನ ಇಂಜಿನಿಯರ್‌ಗಳನ್ನು ಈಗ ಯಾರೂ ಕೇಳುತ್ತಿಲ್ಲ. ಹಾಗಾಗಿ ಎಲ್ಲರ ಕಣ್ಣು ಶೈಲಜಾ ಮೇಲೆ.

ಶೈಲಜಾ ಸಾಮಾನ್ಯಳಲ್ಲ. ಮೈಕ್ರೋಬಯಾಲಜಿ ಎಂ.ಎಸ್ಸಿ. ಹಾಲು, ಮಾಂಸ, ತಿಂಡಿತಿನಿಸು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ವರ್ಷಗಟ್ಟಲೆ ಪಾರ್ಟ್‌ಟೈಮ್ ದುಡಿದಿದ್ದಳು. ಹೊಸದಾಗಿ ಬಂದವರಿಗೆಲ್ಲ ಅವಳೇ ಕೆಲಸ ಕಲಿಸುತ್ತಿದ್ದಳು. ಅವಳ ಹತ್ತಿರ ಕಲಿತವರು ಸೂಪರ್‌ವೈಸರ್ ಆದರು, ಮ್ಯಾನೇಜರ್ ಆದರು. ಇವಳು ಮಾತ್ರ ಪಾರ್ಟ್‌ಟೈಮ್ ಆಗಿಯೇ ಉಳಿದಳು. ಕಡೆಗೆ ಆ ಲ್ಯಾಬೂ ಮುಚ್ಚಿತು.

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಒಂದು ಲ್ಯಾಬು ಇಂಟರ್‌ವ್ಯೂಗೆ ಕರೆದಿತ್ತು. ಹಿಂದಿನ ದಿನವೇ ಡ್ರೈವ್ ಮಾಡಿಕೊಂಡು ಬಂದು ನಮ್ಮಲ್ಲಿ ಉಳಿದಿದ್ದಳು. ಮುಗಿಸಿ ಬಂದವಳೇ ಬ್ಯಾಗನ್ನು ಸೋಫಾ ಮೇಲೆ ಎಸೆದಳು.

"ಭಾಳ ಛಲೋ ಆತು ಸುಮಕ್ಕಾ! ಆ ಮ್ಯಾನೇಜರ್ ಏನಂದ ಗೊತ್ತದ ಏನ್ರಿ? 'ನಮಗ ಇಲ್ಲಿ ಉಳಿದವರನ್ನ ನಡಸ್ಲಿಕ್ಕೆ ಒಬ್ರು ಲೀಡ್ ಬೇಕಾಗ್ಯಾರ, ಆ ಜವಾಬ್ದಾರಿ ತಗೋತೀರೇನು?' ಅಂತ ಕೇಳಿದ."

"ನೀನೇನಂದೆ?"

"ಅಯ್ಯ, ಕೇಳಿದ ಕೂಡಲೇ ಹೂಂ ಅನ್ಲಿಕ್ಕೆ ಬರ್ತದೇನ್ರಿ? 'ನೋ ನೋ, ನನಗಿಂತ ಛಲೋ ಮಂದಿ ನಿಮ್ಮಲ್ಲೇ ಇರ್ತಾರ, ನನಗ ಯಾವ ಕೆಲಸ ಆದ್ರೂ ನಡೀತದ' ಅಂದೆ."

"ಆಮೇಲೆ?"

"'ಓಕೆ, ಗ್ರೇಟ್' ಅಂತ ಫೈಲ್ ಮುಚ್ಚಿದ. ಇನ್ನೊಮ್ಮೆ ಕೇಳ್ತಾನಂತ ನಾ ಕುಂತೇ ಇದ್ದೆ. ಎದ್ದು ಕೈ ಕುಲುಕಿದ."

ನಿಜ ಹೇಳುತ್ತೇನೆ. ನನಗೆ ಇದರಲ್ಲಿ ಯಾವ ತಪ್ಪೂ ಕಾಣಲಿಲ್ಲ. ಎಷ್ಟು ವಿನಯವಾಗಿ ಮಾತಾಡಿದ್ದಾಳೆ, ಈ ಸಲ ಕೆಲಸ ಗ್ಯಾರಂಟಿ ಎಂದುಕೊಂಡು ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಅವಳು 'ಬ್ಯಾಡ್ರಿ, ಸಾಕು' ಎಂದಳು. ನಾನು ಹಾಕಿದೆ. ಅವಳು ತಿಂದಳು.

ತಲೆ ಮೇಲೆ ಕೈ ಹೊತ್ತು ಕುಳಿತವಳು, ಆ ಹೊತ್ತಿಗೆ ನಮ್ಮ ಮನೆಗೆ ಬಂದಿದ್ದ ಗೆಳತಿಯ ಮಗಳು ಮೇಘನಾ ಒಬ್ಬಳೇ.

"ಆಂಟಿ, ವೇಟ್. ಯು ಟೋಲ್ಡ್ ಹಿಮ್ ನೋ?"

"ಬ್ಯಾಡ ಅಂದಿಲ್ಲವಾ," ಎಂದಳು ಶೈಲಜಾ. "ಸುಮ್ನ ಅಂದೆ."

ಈ 'ಸುಮ್ನ ಅಂದೆ' ಇದೆಯಲ್ಲ, ಇದನ್ನು ಬೇರೆ ದೇಶದವರಿಗೆ ಹೇಗೆ ಬಿಡಿಸಿ ಹೇಳುತ್ತೀರಿ? ಚಿಕ್ಕವಳಿದ್ದಾಗ ಅಮ್ಮನ ಜೊತೆ ಯಾರ ಮನೆಗೆ ಹೋದರೂ ಒಂದು ಕ್ರಮ ಇರುತ್ತಿತ್ತು. ಕಾಫಿ ಕೊಡಲಾ ಎಂದು ಮೊದಲು ಕೇಳಿದಾಗ 'ಬೇಡ, ಈಗ ತಾನೇ ಆಯ್ತು'. ಎರಡನೇ ಸಲ ಕೇಳಿದಾಗ 'ಸರಿ, ಅರ್ಧ ಲೋಟ'. ಮೂರನೇ ಸಲಕ್ಕೆ ಪೂರ್ತಿ ಲೋಟ, ಜೊತೆಗೆ ಕೋಡುಬಳೆ. ಮೊದಲ ಸಲವೇ ಹೂಂ ಎಂದರೆ ವಾಪಸ್ ಬರುವಾಗ ದಾರಿಯಲ್ಲಿ ತೊಡೆಗೆ ಚಿವುಟು. 'ಎಂದೂ ಕಾಣದವರ ಹಾಗೆ ಆಡ್ತೀಯಲ್ಲ!' ಅತ್ತ ಒಂದೇ ಸಲ ಕೇಳಿ ಸುಮ್ಮನಾದ ಮನೆಯವರ ಮಾನವೂ ಉಳಿಯುತ್ತಿರಲಿಲ್ಲ. 'ಬಾಯಿಮಾತಿಗೂ ಇನ್ನೊಂದು ಸಲ ಕೇಳಲಿಲ್ಲ ನೋಡು' ಎಂದು ಅಮ್ಮ ವರ್ಷಗಟ್ಟಲೆ ಹೇಳುತ್ತಿದ್ದಳು.

ಇದು ಇಬ್ಬರಿಗೂ ಗೊತ್ತಿರುವ ಆಟ. ಅಮೆರಿಕದಲ್ಲಿ ತೊಂದರೆ ಏನೆಂದರೆ ಇಲ್ಲಿ ಒಬ್ಬರಿಗೆ ಮಾತ್ರ ಗೊತ್ತು.

ಕೆಲವೇ ದಿನಗಳಲ್ಲಿ ಲ್ಯಾಬಿನಿಂದ ಈಮೇಲ್ ಬಂತು. ವಿಷಾದಿಸುತ್ತೇವೆ, ಶುಭವಾಗಲಿ, ಇತ್ಯಾದಿ. ಫೋನಿನಲ್ಲಿ ಶೈಲಜಾ ಗಟ್ಟಿಯಾಗಿಯೇ ಮಾತಾಡಿದಳು. ಆದರೆ ಮಾತಿನ ನಡುವೆ "ಇವರ ಮುಂದಿನ ಚೆಕಪ್ ಹೊತ್ತಿಗೆ ಏನಾಗ್ತದೋ ಏನೋ" ಎಂದಾಗ ಅವಳ ದನಿ ಒಡೆಯಿತು. ಫೋನ್ ಇಟ್ಟು ಮೇಘನಾಗೆ ಮಾಡಿದೆ.

ಮೇಘನಾ ಯಾರು ಎಂದು ಹೇಳಿಬಿಡುತ್ತೇನೆ. ಪ್ಲೇನ್‌ಫೀಲ್ಡ್‌ನಲ್ಲಿರುವ ನನ್ನ ಗೆಳತಿ ಪದ್ಮಾಳ ಮಗಳು. ನಮ್ಮೂರಿನಲ್ಲೇ ಒಂದು ಆಫೀಸಿನಲ್ಲಿ ಕೆಲಸ, ಸ್ಟೇಷನ್ ಹತ್ತಿರ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದಾಳೆ. ಸಂಜೆ ಹೊತ್ತು ಆಗಾಗ ನಮ್ಮ ಮನೆಗೆ ಬರುತ್ತಾಳೆ. ಬಂದವಳೇ 'ಆಂಟಿ, ಐ ಆಮ್ ಹಂಗ್ರಿ' ಎನ್ನುತ್ತಾಳೆ. ಉಪಚಾರ ಗಿಪಚಾರ ಏನೂ ಇಲ್ಲ.

ಮಿಶಿಗನ್‌ನಲ್ಲಿ ಓದುವಾಗ ಇವಳು ಸೊರೋರಿಟಿ ಸೇರಿದ್ದಳು. ಅದು ಕಾಲೇಜು ಹುಡುಗಿಯರ ಸಂಘ. ಗ್ರೀಕ್ ಅಕ್ಷರಗಳ ಹೆಸರು, ದೊಡ್ಡದೊಂದು ಮನೆ, ಎಲ್ಲರೂ ಒಟ್ಟಿಗೆ ವಾಸ. ಹೊಸದಾಗಿ ಸೇರಿದವಳಿಗೆ ಹಳಬಳೊಬ್ಬಳನ್ನು ಅಕ್ಕನಾಗಿ ಕೊಡುತ್ತಾರೆ. ಅಕ್ಕನಿಗೆ 'ಬಿಗ್' ಎಂದೂ ತಂಗಿಗೆ 'ಲಿಟಲ್' ಎಂದೂ ಹೆಸರು. ಆ ಸಂಬಂಧ ಕಾಲೇಜು ಮುಗಿದರೂ ಮುಗಿಯುವುದಿಲ್ಲವಂತೆ. ಪದ್ಮಾ ಪಾಪ ಹೌಹಾರಿದ್ದಳು. ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ 'ಲೇಡೀಸ್ ಹಾಸ್ಟೆಲ್‌ನಲ್ಲಿದ್ದಾಳೆ, ತುಂಬಾ ಸ್ಟ್ರಿಕ್ಟು' ಎನ್ನುತ್ತಿದ್ದಳು. (ಎಷ್ಟು ಸ್ಟ್ರಿಕ್ಟು ಎಂದು ನಾವ್ಯಾರೂ ಕೆದಕಲಿಲ್ಲ. ನಮ್ಮ ಮನೆಯಲ್ಲೂ ಮಕ್ಕಳು ಬೆಳೆಯುತ್ತಿದ್ದರಲ್ಲ!)

ಮನೆಗೆ ನೆಂಟರು ಬಂದರೆ ಮಹಡಿಗೆ ಓಡಿಹೋಗುತ್ತಿದ್ದ ಹುಡುಗಿ ಅದು. ಆ ಸಂಘದಲ್ಲಿ ಪ್ರತಿ ವರ್ಷ ಹೊಸ ಹುಡುಗಿಯರನ್ನು ಆರಿಸುವಾಗ ಗುರುತು ಪರಿಚಯ ಇಲ್ಲದವರ ಜೊತೆ ದಿನವಿಡೀ ಮಾತಾಡಬೇಕು. ಅವಳ ಬಿಗ್, ಕ್ರಿಸ್ಟಿನ್ ಎಂಬ ಎತ್ತರದ ಹುಡುಗಿ, ಇವಳನ್ನು ಮುಂದೆ ನೂಕಿ ನೂಕಿ ಮಾತು ಕಲಿಸಿದಳು. 'ನಿನಗೇನು ಬೇಕೆಂದು ನೀನೇ ಹೇಳದಿದ್ದರೆ ನಾನು ಹೇಗೆ ಸಹಾಯ ಮಾಡಲಿ?' ಎನ್ನುತ್ತಿದ್ದಳಂತೆ. ಓದು ಮುಗಿದ ಮೇಲೆ ಡೆಟ್ರಾಯಿಟ್‌ನ ಒಂದು ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ಕೆಲಸ ಕೊಡಿಸಿದವಳೂ ಅವಳೇ.

ಆಮೇಲೆ ರಿಸೆಶನ್ ಬಂತು. ಜನರನ್ನು ಸೇರಿಸಿಕೊಳ್ಳಲು ಹೋದ ಹುಡುಗಿ ಅದೇ ಕುರ್ಚಿಯಲ್ಲಿ ಕುಳಿತು ಜನರನ್ನು ಮನೆಗೆ ಕಳಿಸಬೇಕಾಯಿತು. ಒಂದು ಸಣ್ಣ ರೂಮು, ಮೇಜಿನ ಮೇಲೆ ಟಿಶ್ಯೂ ಡಬ್ಬ. ತಡೆಯಲಾರದೆ ಆ ಕಂಪನಿ ಬಿಟ್ಟು, ಬರೀ ಸೇರಿಸಿಕೊಳ್ಳುವ ಕೆಲಸ ಹುಡುಕಿಕೊಂಡು ಇತ್ತ ಬಂದಳು. ಶೈಲಜಾ ವಿಷಯ ಹೇಳಲು ನಾನು ಫೋನ್ ಮಾಡಿದ ದಿನ ಅವಳು ನನಗೆ ಹೇಳಿದ್ದಿಷ್ಟು: ಆ ರೂಮಿಗೆ ನಮ್ಮ ಕಡೆಯ ಅಂಕಲ್‌ಗಳೂ ಬರುತ್ತಿದ್ದರು. 'ನಮ್ಮಿಂದ ನಿಮಗೇನಾದರೂ ಬೇಕಾ?' ಎಂದು ಇವಳು ಕೇಳುವಳು. 'ನೋ ನೋ, ಐ ಆಮ್ ಫೈನ್' ಎಂದು ಅವರು ಎದ್ದು ಹೋಗುವರು. ಕೇಳಿದ್ದರೆ ಶಿಫಾರಸು ಪತ್ರ ಸಿಗುತ್ತಿತ್ತು, ಟ್ರೇನಿಂಗ್ ಸಿಗುತ್ತಿತ್ತು. ಪಕ್ಕದ ಕುರ್ಚಿಯ ಅಮೆರಿಕನ್ನರು ಕೇಳಿ ಪಡೆದರು.

"ಶೈಲಾ ಆಂಟಿಯನ್ನು ನಾನು ತಗೋತೀನಿ," ಎಂದಳು ಇಂಗ್ಲಿಷಿನಲ್ಲಿ. "ಶಿ ಈಸ್ ಮೈ ಲಿಟಲ್ ನೌ."

ಐವತ್ತು ಸಮೀಪಿಸುತ್ತಿರುವ ತಂಗಿ, ಇನ್ನೂ ಮೂವತ್ತು ದಾಟದ ಅಕ್ಕ. ಎಂಥ ಕಾಲ ಬಂತು ನೋಡಿ.

ಮುಂದಿನ ಶನಿವಾರ ನಮ್ಮ ಮನೆಯಲ್ಲೇ ಕ್ಲಾಸು. ಶೈಲಜಾ ಮತ್ತೆ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದಳು. ಪದ್ಮಾ ಕುತೂಹಲಕ್ಕೆ ಬಂದಳು. ಮೇಘನಾ ನನ್ನ ಅಡುಗೆಮನೆ ವಶಪಡಿಸಿಕೊಂಡು, ನಾನು ಶಿಕಾಗೋದ ಡೆವನ್ ಅವೆನ್ಯೂನಲ್ಲಿರುವ ಇಂಡಿಯನ್ ಅಂಗಡಿಗೆ ಹೋಗಿ ಆರಿಸಿ ತಂದ ಪುಡಿಯಲ್ಲಿ ಘಮಘಮ ಎನ್ನುವ ಕಾಫಿ ಮಾಡಿದಳು. ನಿಯಮ ಒಂದೇ ಇತ್ತು. ಯಾರಿಗೇ ಆಗಲಿ, ಒಂದೇ ಸಲ ಕೇಳುತ್ತೇನೆ.

"ಕಾಫಿ, ಆಂಟಿ?"

"ಬ್ಯಾಡವಾ, ಈಗರೆ ಆತು," ಎಂದಳು ಶೈಲಜಾ. ಮೇಘನಾ ಮುಂದೆ ಹೋದಳು.

"ಎಲ್ಲಾರ್ಗೂ ಕೊಡು ಪುಟ್ಟಿ, ನಂಗೆ ಕೊನೇಲಿ," ಎಂದಳು ಪದ್ಮಾ. ಹೆತ್ತ ತಾಯಿ ಎಂದೂ ನೋಡದೆ ಮುಂದೆ ಹೋದಳು.

ನನ್ನ ಸರದಿ ಬಂತು. ಎಲ್ಲ ಗೊತ್ತಿದ್ದೂ, ನಿಯಮ ಕಿವಿಯಾರೆ ಕೇಳಿದ್ದೂ, ನನ್ನ ಬಾಯಿ ತಾನಾಗಿ "ಪರ್ವಾಗಿಲ್ಲ ಬಿಡು" ಎಂದಿತು. ನನ್ನ ಮನೆ, ನನ್ನ ಪುಡಿ, ನನಗೇ ಕಾಫಿ ಇಲ್ಲ! ಪೇಪರ್ ಹಿಡಿದು ಅತ್ತ ಹೋಗುತ್ತಿದ್ದ ನಮ್ಮವರು "ನಂಗೊಂದು ಕೊಡಮ್ಮ" ಎಂದು ದೊಡ್ಡ ಲೋಟ ಇಸಿದುಕೊಂಡರು. (ಮನೆಯೊಳಗೆ ಮಾತ್ರ ಈ ಶೌರ್ಯ. ಆಫೀಸಿನಲ್ಲಿ ಇವರೂ 'ಐ ಆಮ್ ಫೈನ್' ಗಿರಾಕಿಯೇ.) ನಾವು ಮೂವರು ಹೆಂಗಸರು ವಾಸನೆ ಕುಡಿದುಕೊಂಡು ಕುಳಿತೆವು.

"ಒಮ್ಮೆ ಕೇಳಿ ಬಿಟ್ಟಬಿಡೂದಾ? ಇದ್ಯಾವ ಪದ್ಧತಿನವಾ?" ಶೈಲಜಾಗೆ ನಿಜವಾಗಿಯೂ ನೋವಾಗಿತ್ತು.

"ಕಂಪನಿಗಳ ಪದ್ಧತಿ ಇದೇ ಆಂಟಿ," ಎಂದಳು ಮೇಘನಾ.

ಆಮೇಲೆ ಶುರುವಾಯಿತು ಅಸಲಿ ತಾಲೀಮು. ಮೇಘನಾ ಮ್ಯಾನೇಜರ್, ಕೈಯಲ್ಲಿ ಒಂದು ಸೌಟು, ಮುಂದೆ ಸ್ಟೀಲ್ ತಟ್ಟೆ. ಶೈಲಜಾ ಬಾಯಲ್ಲಿ 'ನೀವೆಲ್ಲ ಹೇಗೆ ಹೇಳಿದರೆ ಹಾಗೆ' ಎಂಬರ್ಥದ ಮಾತು ಬಂದ ಕೂಡಲೇ ಠಣ್! 'ನಾನೇನು ಅಂಥದ್ದು ಮಾಡಿಲ್ಲ' ಎಂದರೆ ಠಣ್! ಹಳೆಯ ಲ್ಯಾಬಿನಲ್ಲಿ ಎಲ್ಲರಿಗೂ ಕೆಲಸ ಕಲಿಸಿದ್ದು ಯಾರು ಎಂದು ಕೇಳಿದಾಗ, 'ಎಲ್ಲಾರೂ ಕೂಡಿ ಕಲತ್ವಿ' ಎಂದಳು. ಠಣ್ ಠಣ್!

"ಹಂಗ ಬೇಕು ಬೇಕು ಅಂದ್ರ ಮಂದಿ ಏನಂತಾರವಾ?"

"'ಯು ಆರ್ ಹೈರ್ಡ್' ಅಂತಾರೆ, ಆಂಟಿ."

'ಯೆಸ್, ಐ ವಾಂಟ್ ದಿಸ್ ಜಾಬ್.' ಇಷ್ಟು ಹೇಳಲು ಶೈಲಜಾಗೆ ಮಧ್ಯಾಹ್ನವಾಯಿತು. ಮೊದಲು ನೆಲ ನೋಡಿಕೊಂಡು ಹೇಳಿದಳು. ಆಮೇಲೆ ನಮ್ಮ ಫ್ರಿಜ್ಜಿಗೆ ಹೇಳಿದಳು. ಕೊನೆಗೂ ಮೇಘನಾ ಮುಖ ನೋಡಿ ಹೇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವಳು ಸೆರಗಿಲ್ಲದ ಕುರ್ತಾದಲ್ಲಿ ಸೆರಗು ಹುಡುಕಿ ಮುಖ ಒರೆಸಿಕೊಂಡಳು.

ಮೇಘನಾ ಆ ದಿನವೇ ಕ್ರಿಸ್ಟಿನ್‌ಗೆ ಫೋನ್ ಮಾಡಿದಳು. ಕ್ರಿಸ್ಟಿನ್ ಈಗಲೂ ಡೆಟ್ರಾಯಿಟ್ ಕಡೆಯೇ ಇದ್ದಾಳೆ, ಅವಳಿಗೆ ಗೊತ್ತಿರುವ ಲ್ಯಾಬೊಂದರಲ್ಲಿ ಜನ ಬೇಕಾಗಿದ್ದರು. 'ನಮ್ಮ ಸಂಘದ ಲೆಕ್ಕದಲ್ಲಿ ನಿನ್ನ ಲಿಟಲ್ ಅಂದರೆ ನನಗೆ ಮೊಮ್ಮಗಳು' ಎಂದು ನಕ್ಕಳಂತೆ. ಹೆಸರನ್ನು ಮುಂದೆ ಕಳಿಸಿದಳು. (ಅಷ್ಟು ದೂರದ ಸಂಬಂಧವನ್ನು ಹೀಗೆ ಎಳೆದು ತರುವುದು ನಮಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ.) ಲ್ಯಾಬು ನೋವಾಯ್‌ನಿಂದ ಹೈವೇಯಲ್ಲಿ ನಾಲ್ಕೈದು ಎಕ್ಸಿಟ್ ದೂರ ಅಷ್ಟೇ.

ಇಂಟರ್‌ವ್ಯೂ ಮುಗಿದ ಕೂಡಲೇ ಪಾರ್ಕಿಂಗ್ ಲಾಟಿನಿಂದ ಫೋನ್ ಬಂತು.

"ಸುಮಕ್ಕಾ, ನೀರು ಬೇಕೇನು ಅಂದ್ರು, ಬೇಕು ಅಂದೆ. ಕಾಫಿ ಅಂದ್ರು, ಅದೂ ಬೇಕು ಅಂದೆ. ಎರಡೂ ಕೈಯಾಗ ಹಿಡಕೊಂಡು ನಿಂತೆ. ಆಮ್ಯಾಲೆ ಆಕಿ ಶೇಕ್‌ಹ್ಯಾಂಡ್ ಮಾಡ್ಲಿಕ್ಕೆ ಕೈ ಚಾಚಿದ್ಲು, ನಾ ಏನ್ ಮಾಡ್ಲಿ?"

"ಅದಿರಲಿ, ಕೆಲಸದ ಮಾತೇನಾಯ್ತು?"

"ಸೂಪರ್‌ವೈಸರ್ ಆಗ್ತೀರೇನು ಅಂದ್ರು. ಅವರ ಮಾತು ಮುಗಿಯೂದ್ರಾಗ ಯೆಸ್ ಅಂದೆ!"

ಕೆಲಸ ಸಿಕ್ಕಿತು. ಇನ್ಶೂರೆನ್ಸೂ ಸಿಕ್ಕಿತು. ಆ ಸುದ್ದಿ ಬಂದ ದಿನ ಬಸವರಾಜ್ ಹೆಂಡತಿಯ ಕೈಯಿಂದ ಫೋನ್ ಇಸಿದುಕೊಂಡು ನನಗೆ ಏನೋ ಹೇಳಲು ಹೋದರು, ಆಗಲಿಲ್ಲ, ಮತ್ತೆ ಅವಳಿಗೇ ಕೊಟ್ಟರು. ಇತ್ತ ನಾನೂ ಅಳುತ್ತಿದ್ದೆ. ಅಷ್ಟು ಸಂತೋಷ ನನಗೆ ನನ್ನ ಕೆಲಸ ಸಿಕ್ಕಾಗಲೂ ಆಗಿರಲಿಲ್ಲ.

ಅಂಕಣವನ್ನು ಇಲ್ಲಿಗೇ ಮುಗಿಸುವ ಆಸೆ ನನಗೂ ಇತ್ತು.

ಆದರೆ ಸ್ವಲ್ಪ ದಿನಕ್ಕೆ ಮೇಘನಾಳ ಕೆಲಸವೂ ಹೋಯಿತು. ಯಾರೂ ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳದ ಕಾಲದಲ್ಲಿ, ಕೆಲಸಕ್ಕೆ ತೆಗೆದುಕೊಳ್ಳುವವರು ಯಾರಿಗೆ ಬೇಕು? ಅವಳ ವಿಭಾಗವನ್ನೇ ಮುಚ್ಚಿದರು. ಈ ಸಲ ಟಿಶ್ಯೂ ಡಬ್ಬದ ಆಚೆ ಕಡೆಯ ಕುರ್ಚಿ ಅವಳಿಗೆ.

ವಿಷಯ ತಿಳಿದ ಕೂಡಲೇ ನಾವೆಲ್ಲ ಫೋನ್ ಮಾಡಿದೆವು. ಊಟಕ್ಕೆ ಬಾ ಎಂದು ನಾನು ಕರೆದೆ. "ಐ ಆಮ್ ಗುಡ್, ಆಂಟಿ." ಸ್ವಲ್ಪ ದಿನ ಮನೆಗೆ ಬಂದಿರು ಎಂದು ಪದ್ಮಾ ಕರೆದಳು. "ಐ ಆಮ್ ಗುಡ್, ಮಾಮ್." ಕೂಟದ ಮಿಕ್ಕ ಆಂಟಿಯರೂ ಕೇಳಿದರು. ಎಲ್ಲರಿಗೂ ಅದೇ ಉತ್ತರ. ಅವಳಿಗೆ ಸ್ಪೇಸ್ ಬೇಕು, ಒತ್ತಾಯ ಮಾಡಬಾರದು ಎಂದು ನಾವು ನಾವೇ ಮಾತಾಡಿಕೊಂಡೆವು. ('ಸ್ಪೇಸ್' ಎಂಬ ಈ ಪದವನ್ನು ಇಲ್ಲಿಗೆ ಬಂದ ಮೇಲೆ ಕಲಿತೆವು. ಬಹಳ ಅನುಕೂಲದ ಪದ, ಹೇಳಿದ ಮೇಲೆ ಏನೂ ಮಾಡಬೇಕಾಗಿಲ್ಲ.)

ಆ ವಾರ ಶೈಲಜಾ ಫೋನ್ ಮಾಡಿದಾಗ ಮೊದಲು ಕೇಳಿದ್ದೇ ಮೇಘನಾ ವಿಷಯ.

"ಆರಾಮಾಗಿದಾಳಂತೆ," ಎಂದೆ. "ಕೇಳ್ದೆ. ಐ ಆಮ್ ಗುಡ್ ಅಂದ್ಲು."

"ಎಷ್ಟ ಸಲ ಕೇಳಿದ್ರಿ?"

"ಒಂದ್ ಸಲ," ಎಂದೆ.

"ಒಮ್ಮೆ ಕೇಳಿ ಬಿಡೂದು ಕೆಲಸ ಕೊಡೋರ ಪದ್ಧತಿರೀ ಸುಮಕ್ಕಾ. ಆ ಹುಡುಗಿಗೆ ನಾವೇನು ಕಂಪನಿಯವರೇನು?"

ಇಷ್ಟು ಹೇಳಿ ಫೋನ್ ಇಟ್ಟಳು. ಇಟ್ಟವಳೇ ಮೇಘನಾಗೆ ಮಾಡಿದ್ದಾಳೆ. ನಮ್ಮ ಮನೆಗೆ ಬಂದು ನಾಲ್ಕು ದಿನ ಇರು ಎಂದಿದ್ದಾಳೆ. ಐ ಆಮ್ ಗುಡ್, ಆಂಟಿ. ಮತ್ತೆ ಕೇಳಿದ್ದಾಳೆ. ನೀವು ಈಗಷ್ಟೇ ಕೆಲಸಕ್ಕೆ ಸೇರಿದ್ದೀರಿ, ನಿಮಗ್ಯಾಕೆ ತೊಂದರೆ? ಮೂರನೇ ಸಲ ಶೈಲಜಾ ಕೇಳಲೇ ಇಲ್ಲ. "ಕಾರಿನ ಕೀಲಿ ಕೈಯಾಗ ಹಿಡದೀನಿ, ನಾ ಬರ್ಲೋ, ನೀ ಬರ್ತೀಯೋ?" ಎಂದಳಂತೆ. ಆ ಕಡೆಯಿಂದ ಅಳು ಕೇಳಿಸಿತಂತೆ.

ಅವಳು ಅಪಾರ್ಟ್‌ಮೆಂಟ್ ಬಿಟ್ಟು ಹೊರಗೆ ಹೋಗದೆ ಎಷ್ಟೋ ದಿನವಾಗಿತ್ತಂತೆ. ಊರಿನವರ ರೆಸ್ಯೂಮೆಗಳನ್ನೆಲ್ಲ ತಿದ್ದಿ ಕೊಟ್ಟವಳು, ತನ್ನದರಲ್ಲಿ ಹೆಸರು ಬರೆದು ಮುಂದಕ್ಕೆ ಹೋಗಲಾರದೆ ಕುಳಿತಿದ್ದಳು. ಕ್ರಿಸ್ಟಿನ್‌ಗೂ ಹೇಳಿರಲಿಲ್ಲ. ನಮ್ಮ ಮನೆಯಿಂದ ಅವಳ ಮನೆಗೆ ಕಾರಿನಲ್ಲಿ ಐದು ನಿಮಿಷದ ದಾರಿ.

ಈಗ ಅವಳು ನೋವಾಯ್‌ನಲ್ಲಿದ್ದಾಳೆ. ಬಸವರಾಜ್ ಮೂರು ಹೊತ್ತೂ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಾರೆ. ಶೈಲಜಾ ಸಂಜೆ ಲ್ಯಾಬಿನಿಂದ ಬಂದು ಅವಳನ್ನು ಊಟದ ಮೇಜಿನ ಮುಂದೆ ಕೂರಿಸಿಕೊಂಡು, "ನಿನಗೇನು ಬೇಕು, ಬಾಯಿಬಿಟ್ಟು ಹೇಳು" ಎಂದು ಕೇಳುತ್ತಾಳಂತೆ. ಮತ್ತೆ ಕಂಪನಿಗಳಿಗೆ ಜನರನ್ನು ಆರಿಸುವ ಕೆಲಸ ಬೇಡವಂತೆ ಅವಳಿಗೆ. ಕೆಲಸ ಹೋದವರಿಗೆ ಮತ್ತೆ ಕೆಲಸ ಹುಡುಕಲು ಕಲಿಸಬೇಕಂತೆ. ಅಲ್ಲಿನ ಒಂದು ಕಾಲೇಜಿಗೆ ಅಪ್ಲೈ ಮಾಡಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.

ಅಂದ ಹಾಗೆ, ಹೋದ ವಾರ ನಿಮಗೆ 'ಐ ಆಮ್ ಗುಡ್' ಎಂದರಲ್ಲ, ಅವರಿಗೆ ಮತ್ತೊಂದು ಸಲ ಫೋನ್ ಮಾಡಿದಿರಾ?